‘ಯಾರೋ, ಗೊತ್ತಿಲ್ರಿ’

ಹೋದ ತಿಂಗಳು ನಾನು ಒಬ್ಬರ ಕೈಗೆ ಬರಬೇಕಿದ್ದ ಕೆಲಸ ತಪ್ಪಿಸಿದೆ. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಅರ್ಧ ನಿಮಿಷದಲ್ಲಿ.

ಅಂಕಣ ಬರೆಯಲು ಶುರು ಮಾಡಿದ ಮೇಲೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. ‘ಸರ, ನಮ್ಮವರೊಬ್ಬರು ಅದಾರ, ನೀವು ಒಂದು ಮಾತು ಹೇಳ್ರಿ.’ ಬರಹ ಚೆನ್ನಾಗಿದೆ ಎಂದು ಹೇಳಲು ಫೋನ್ ಮಾಡುವವರು ಒಬ್ಬರೇ ಒಬ್ಬರಿದ್ದಾರೆ. (ಅವರ ಮಗಳ ಅರ್ಜಿಯೂ ಎಲ್ಲೋ ಇದೆ.)

ನಮ್ಮ ಕಡೆ ಡಿಗ್ರಿ ಏನಿದ್ದರೂ ಗೇಟಿನ ತನಕ. ಗೇಟು ದಾಟಿದರೆ ‘ಯಾರ ಕಡೆಯವರು?’ ಅಂತಲೇ ಶುರು. ಮೊದಲು ಇದಕ್ಕೆ ವಶೀಲಿ ಅನ್ನುತ್ತಿದ್ದೆವು. ಈಗ ನೆಟ್‌ವರ್ಕಿಂಗ್ ಅಂತೆ. ಹೆಸರು ಬದಲಾಯಿತು, ಕಾಟ ಬದಲಾಯಿತೇ? ನನಗೆ ಸಾಕಾಗಿಹೋಗಿತ್ತು.

ಅವತ್ತು ಶಹಾಪುರದಿಂದ ಸುರಪುರಕ್ಕೆ ಹೊರಟಿದ್ದೆ. ನಾಟಿಯ ದಿನಗಳು. ಕಾಲುವೆ ಸೇತುವೆ ಮೇಲೆ ಟ್ರ್ಯಾಕ್ಟರೊಂದು ಅಡ್ಡ ನಿಂತು ಬಸ್ಸು ಅಲುಗಾಡುತ್ತಿಲ್ಲ. ಆಗ ಫೋನು. ಯಾದಗಿರಿಯ ಒಂದು ಖಾಸಗಿ ಕಾಲೇಜಿನ ಪ್ರಿನ್ಸಿಪಾಲರು.

‘ಸರ, ಆಫೀಸ್ ಕೆಲಸಕ್ಕ ಸುಜಾತಾ ಅಂತ ಒಬ್ಬಾಕಿ ಅರ್ಜಿ ಹಾಕ್ಯಾಳ್ರಿ. ಗೋಗಿಯಾಕಿ. ನಿಮ್ಮ ಹೆಸರು ಬರದಾಳ. ಗೊತ್ತೇನ್ರಿ ನಿಮಗ?’

‘ಸುಜಾತಾನಾ? ಯಾರೋ, ಗೊತ್ತಿಲ್ರಿ. ನನ್ನ ಹೆಸರು ಎಲ್ಲಾರೂ ಬರಿತಾರ ಬಿಡ್ರಿ.’

ಅವರು ನಕ್ಕರು. ನಾನೂ ನಕ್ಕೆ. ಟ್ರ್ಯಾಕ್ಟರು ಸರಿಯಿತು.

ಒಂದು ವಾರ ಕಳೆದು, ಎಂದಿನಂತೆ ಅಂಕಣದ ಹಾಳೆ ಹಿಡಿದು ಶಹಾಪುರದ ಡಿಟಿಪಿ ಅಂಗಡಿಗೆ ಹೋದೆ. ಆರು ವರ್ಷದಿಂದ ನನ್ನ ಬರಹ ಟೈಪ್ ಆಗುವುದು ಅಲ್ಲೇ. ನನ್ನ ಅಕ್ಷರ ಎಂಥದ್ದೆಂದರೆ, ನಾನು ಬರೆದ ಸಂತೆ ಚೀಟಿ ನನ್ನ ಹೆಂಡತಿಗೇ ತಿಳಿಯುವುದಿಲ್ಲ. ಆ ಅಂಗಡಿಯ ಹೆಣ್ಣುಮಗಳು ಮಾತ್ರ ಸರಾಗ ಓದುತ್ತಿದ್ದಳು. ಒಮ್ಮೆಯಂತೂ, ‘ಸರ, ಈ ಜೋಕ್ ಎರಡು ತಿಂಗಳ ಹಿಂದ ಬರದೀರಿ, ತೆಗೀಲೇನ್ರಿ?’ ಅಂದು ನನ್ನ ಮಾನ ಉಳಿಸಿದ್ದಳು. ನಾನು ಅವಳನ್ನು ಕರೆಯುತ್ತಿದ್ದದ್ದು ‘ತಂಗಿ’ ಅಂತ.

ನೋಡಿದರೆ ಮಾಲೀಕ ಬೋರ್ಡು ಬಿಚ್ಚುತ್ತಿದ್ದಾನೆ.

‘ಬಂದ್ ಮಾಡಾಕತ್ತೀನ್ರಿ ಸರ. ಈಗ ಎಲ್ಲಾರೂ ಮೊಬೈಲಿನಾಗ ಟೈಪ್ ಮಾಡ್ಕೋತಾರ.’

‘ಹಂಗಾದ್ರ ನನ್ನ ಅಂಕಣ?’ (ಹೌದು, ನನ್ನ ಬಾಯಿಂದ ಮೊದಲು ಬಂದದ್ದು ಇದೇ.)

‘ಸುಜಾತಾನ್ನ ಕೇಳ್ರಿ. ಈಗರೆ ಹೋದಳು. ಗೋಗಿ ಆಟೋದ ಹತ್ರ ಇರ್ತಾಳ.’

ಸುಜಾತಾ. ಗೋಗಿ. ಹಾಳೆ ಮಡಚಿ ಜೇಬಿಗೆ ತುರುಕಿ ಓಡಿದೆ.

ಅವಳು ಆಟೋ ನಿಲ್ಲುವ ಕಡೆ ಇದ್ದಳು. ಒಂದು ಕೈಯಲ್ಲಿ ಬುತ್ತಿ ಡಬ್ಬಿ, ಬಗಲಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ, ಮಾಲೀಕ ಕೊಟ್ಟ ಅಂಗಡಿಯ ಕೀಬೋರ್ಡು.

‘ಯಾದಗಿರಿ ಕಾಲೇಜಿಗೆ ಅರ್ಜಿ ಹಾಕಿದಾಕಿ ನೀನೇನು?’

‘ಹೌದ್ರಿ ಸರ.’

‘ನನಗೊಂದು ಮಾತು ಹೇಳಬಾರದೇನು?’ ತಪ್ಪು ನನ್ನದು, ಸಿಟ್ಟು ಅವಳ ಮೇಲೆ!

‘ಹೇಳಿದ್ದೆನ್ರಿ. ಪ್ರೂಫ್ ಒಯ್ಯಾಕ ಬಂದಾಗ. ನೀವು ಫೋನಿನಾಗ ಇದ್ರಿ. “ಆಯ್ತು ಆಯ್ತು ತಂಗಿ, ಬರಿ” ಅಂದ್ರಿ.’

ಅಂದಿರಬಹುದು. ಎಷ್ಟು ಜನಕ್ಕೆ ಹಾಗೆ ಅಂದಿದ್ದೇನೋ.

‘ಕಾಲೇಜಿನಾಗ ಏನಂದ್ರು?’

ಅವಳು ಕೀಬೋರ್ಡು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ‘“ಅವರಿಗೆ ನೀ ಯಾರಂತನೇ ಗೊತ್ತಿಲ್ಲಂತಲ್ಲ” ಅಂದ್ರು ಸರ. ಬಾಜೂಕ ಇನ್ನಾ ನಾಕು ಮಂದಿ ಕುಂತಿದ್ರು. ಎಲ್ಲಾರ ಮುಂದ ನಾನು ಸುಳ್ಳಿ ಆದೆ.’

ಅಲ್ಲೇ ನಿಂತು ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದೆ. ತಪ್ಪಾಗಿದೆ, ಆಕೆ ಚೆನ್ನಾಗಿ ಗೊತ್ತು, ಆಕೆಯಿಲ್ಲದೆ ನನ್ನ ಅಂಕಣವೇ ಇಲ್ಲ, ಅಂತೆಲ್ಲ ಹೇಳಿದೆ.

‘ಅಯ್ಯ ಸರ, ಆ ಜಾಗ ತುಂಬೇದ್ರಿ. ನೀವು ಹೇಳಿದವರನ್ನೇ ತಗೊಂಡೀವಲ್ರಿ!’

ನಾನು ಹೇಳಿದವರು? ಆಮೇಲೆ ನೆನಪಾಯಿತು. ನನ್ನ ದೊಡ್ಡಪ್ಪನ ಮಗ ಒಂದು ದಿನ ಮನೆಗೆ ಬಂದು, ತನ್ನ ಅಳಿಯನ ಸಲುವಾಗಿ ಜೀವ ತಿಂದಿದ್ದ. ಪೀಡೆ ಕಳೆದರೆ ಸಾಕೆಂದು ಇದೇ ಪ್ರಿನ್ಸಿಪಾಲರಿಗೆ ಮೆಸೇಜ್ ಒಗೆದಿದ್ದೆ: ‘ಬಹಳ ಪ್ರಾಮಾಣಿಕ. ನಮ್ಮ ಮನೆಯವನೇ.’ ಆ ಅಳಿಯನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಸುಜಾತಾಗೆ ‘ಜಾಗ ತುಂಬಿದೆಯಂತೆ’ ಅಂದೆ, ಅಷ್ಟೇ. ಉಳಿದದ್ದು ಹೇಳಲು ಬಾಯಿ ಬರಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಓದಿ, ಬಯ್ಯುವುದಾದರೆ ಬಯ್ಯಲಿ.

ಮುಖ ಕಾಣದವನು ‘ನಮ್ಮವನು’. ಆರು ವರ್ಷ ನನ್ನ ತಪ್ಪು ತಿದ್ದಿದವಳು ‘ಯಾರೋ’. ಏನು ಲೆಕ್ಕ ಇದು? ಊರಿನ ವಶೀಲಿ ರೋಗಕ್ಕೆ ವಾರ ವಾರ ಬಯ್ಯುವ ನನ್ನ ಪೆನ್ನನ್ನು ಎಲ್ಲಿ ಒಗೆಯಲಿ?

ಮೊನ್ನೆ ಏನೋ ಕೆಲಸಕ್ಕೆ ಸುರಪುರದ ಹತ್ತಿರದ ರಂಗಂಪೇಟೆಗೆ ಹೋಗಿದ್ದೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಸುಜಾತಾ! ಬೆಳಿಗ್ಗೆ ಒಂದು ಆಟೋ, ಒಂದು ಬಸ್ಸು ಹಿಡಿದು ಬರುತ್ತಾಳಂತೆ. ಕೆಲಸ ಹೇಗೆ ಸಿಕ್ಕಿತೆಂದು ಕೇಳಿದೆ.

‘ಮಶಾಕಣ್ಣ ಹೇಳಿದನ್ರಿ.’

ಮಶಾಕ್ ಗೋಗಿ-ಶಹಾಪುರ ಆಟೋ ಓಡಿಸುವವನು. ಈ ಅಂಗಡಿಯವನು ಅವನ ಗೆಳೆಯ. ‘ಆರು ವರ್ಷ ನನ್ನ ಗಾಡಿಯಾಗ ಬಂದಾಳ. ಒಂದಿನಾ ತಡ ಮಾಡಿಲ್ಲ, ಒಂದಿನಾ ಸುಳ್ಳು ಆಡಿಲ್ಲ’ ಅಂದನಂತೆ. ಅಂಗಡಿಯವನು ಮರುದಿನವೇ ಬಾ ಅಂದನಂತೆ.

ನನಗೆ ಸಮಾಧಾನವಾಯಿತು. ಜತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ? ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ: ‘ಸುಜಾತಾ, ಇನ್ನ ಮ್ಯಾಲ ಎಲ್ಲಿ ಅರ್ಜಿ ಹಾಕಿದ್ರೂ ನನ್ನ ಹೆಸರು ಬರಿ.’

ಅವಳು ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ.

‘ಬ್ಯಾಡ್ರಿ ಸರ. ಮಶಾಕಣ್ಣನ ಹೆಸರು ಬರಿತೀನ್ರಿ.’