ಅದು ಹೊಲದ ನಕಾಶೆಯಲ್ಲ

ಮೊದಲಿಗೆ ಓದುಗರ ಕ್ಷಮೆ ಕೇಳುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಒಂದು ವಾಕ್ಯವನ್ನು ಬರೆದು ಮುಗಿಸಿದೊಡನೆ, ಯಾರಾದರೂ ಹಿಂದಿನಿಂದ ಬಂದು ಕಿವಿ ಹಿಂಡುವರೇನೋ ಎಂದು ತಿರುಗಿ ನೋಡುವ ಚಾಳಿ ಇನ್ನೂ ನನ್ನನ್ನು ಬಿಟ್ಟಿಲ್ಲ. ಈ ಬರಹದಲ್ಲಿ ಕುಂದುಗಳಿದ್ದರೆ ಅವು ನನ್ನವೇ. ಇನ್ನೊಂದು ಕುಂದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಪ್ರಬಂಧಗಳನ್ನು ಮುಗುಳ್ನಗುತ್ತ ಬರೆಯಬೇಕೆಂದು ಬಲ್ಲವರು ಹೇಳುತ್ತಾರೆ. ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಈ ಸಿಟ್ಟು ಹೊಸದೇನಲ್ಲ, ಕೆಲವು ವರ್ಷ ಹಳೆಯದು. ಆದರೆ ಉಪ್ಪಿನಕಾಯಿಯಂತೆ ಕೂತಷ್ಟೂ ಅದರ ಖಾರ ಒಳಗಿಳಿದಿದೆ.

ಸಿಟ್ಟಿಗೆ ಕಾರಣ ಒಂದು ಚಿಕ್ಕ ಪ್ರಶ್ನೆ: "ಇದೇನು?"

ನಾನು ಬಣ್ಣಬಣ್ಣದ ಕಾಗದಗಳನ್ನು ಹರಿದು, ರಟ್ಟಿನ ಮೇಲೆ ಅಂಟಿಸಿ ಚಿತ್ರ ಮಾಡುತ್ತೇನೆ. ಅದಕ್ಕೆ ಕೊಲಾಜ್ ಎನ್ನುತ್ತಾರೆಂದು ಆಮೇಲೆ ಓದಿ ತಿಳಿದೆ. ತಿಳಿಯುವ ಮುಂಚೆಯೇ ಮಾಡುತ್ತಿದ್ದೆ. ಅದರಲ್ಲಿ ಮನುಷ್ಯರಿಲ್ಲ, ಮರಗಳಿಲ್ಲ, ದೇವರಿಲ್ಲ. ಬಣ್ಣದ ಪಕ್ಕದಲ್ಲಿ ಬಣ್ಣ ಕುಳಿತಿರುತ್ತದೆ, ಅಷ್ಟೇ. ಅವ್ವ ಹಳೆಯ ಸೀರೆ, ಹರಿದ ಅಂಗಿ, ಕುಬಸದ ತುಂಡುಗಳನ್ನು ಕೂಡಿಸಿ ಕೌದಿ ಹೊಲಿದರೆ ಊರಿನಲ್ಲಿ ಯಾರೂ "ಇದೇನು?" ಎಂದು ಕೇಳುವುದಿಲ್ಲ. ಕೆಂಪಿನ ಪಕ್ಕದಲ್ಲಿ ಕರಿಯ ಚೌಕವೇಕೆ ಬಂತೆಂದು ವಿಚಾರಣೆ ನಡೆಸುವುದಿಲ್ಲ. ಹೊದ್ದುಕೊಂಡು ಮಲಗುತ್ತಾರೆ. ನನ್ನ ಚಿತ್ರವನ್ನು ಹೊದ್ದುಕೊಳ್ಳಲು ಬರುವುದಿಲ್ಲ ಎಂಬುದೊಂದೇ ಅದರ ಅಪರಾಧವಿರಬೇಕು.

ಆಗ ನಾನು ವಿಜಾಪುರದಲ್ಲಿ ತಾತ್ಕಾಲಿಕ ಶಿಕ್ಷಕನಾಗಿದ್ದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಟ್ಟದಂಥ ಒಂದು ಕೋಣೆ. ಕೆಳಗೆ ದಸ್ತಗೀರ ಸಾಹೇಬರ ಪುಸ್ತಕ ಕಟ್ಟುವ ಅಂಗಡಿ. ಅವರು ಕತ್ತರಿಸಿ ಚೆಲ್ಲುವ ಕಾಗದವೇ ನನ್ನ ಬಂಡವಾಳ. ಅದರಲ್ಲಿ ನನಗೆ ಪ್ರಿಯವಾದದ್ದು ಅಬರಿ, ಎಂದರೆ ನೀರಿನ ಮೇಲೆ ಬಣ್ಣ ತೇಲಿಸಿ ಎತ್ತಿದ, ಮೋಡದಂಥ ಗೆರೆಗಳ ಕಾಗದ. ದಪ್ಪ ಪುಸ್ತಕಗಳ ರಟ್ಟಿಗೆ ಅದನ್ನು ಹಚ್ಚುತ್ತಿದ್ದರು. ಆದಿಲಶಾಹಿಯ ಕಾಲದಲ್ಲಿ ನಮ್ಮ ಭಾಗದ ಚಿತ್ರಕಾರರು ಅಬರಿಯಲ್ಲಿಯೇ ಕುದುರೆ, ಫಕೀರರನ್ನು ಮೂಡಿಸುತ್ತಿದ್ದರೆಂದು ಓದಿದ್ದೇನೆ. ಸುಲ್ತಾನರು "ಇದೇನು?" ಎಂದು ಕೇಳಿದ್ದರೋ ಇಲ್ಲವೋ ತಿಳಿಯದು. ಕುದುರೆಯಂತೂ ಇತ್ತಲ್ಲ, ಕೇಳುವ ಪ್ರಮೇಯವೇ ಬಂದಿರಲಿಕ್ಕಿಲ್ಲ.

ನನ್ನ ಕೆಲಸದ ಕ್ರಮವನ್ನು ಹೇಳಬೇಕೆಂದರೆ ಕ್ರಮವೇ ಇಲ್ಲವೆಂದು ಹೇಳಬೇಕಾಗುತ್ತದೆ. ಪದವೀಧರನಿಗೆ ಇದು ನಾಚಿಕೆಯ ಸಂಗತಿ. ರವಿವಾರ ಮಧ್ಯಾಹ್ನ ನೆಲದ ಮೇಲೆ ಕಾಗದಗಳನ್ನು ಹರವಿಕೊಂಡು ಸುಮ್ಮನೆ ಕೂಡುತ್ತೇನೆ. ಪೆನ್ಸಿಲಿನಿಂದ ಗೆರೆ ಹಾಕುವುದಿಲ್ಲ. ಕತ್ತರಿಯನ್ನು ಮುಟ್ಟುವುದಿಲ್ಲ, ಎಲ್ಲಿಗೆ ಹೋಗಬೇಕೆಂಬುದು ಕತ್ತರಿಗೆ ಮೊದಲೇ ಗೊತ್ತಿರುತ್ತದೆ. ಕೈಯಿಂದ ಹರಿದರೆ ಕಾಗದ ಒಂದು ದಿಕ್ಕಿಗೆ ನೆಟ್ಟಗೆ ಬರುತ್ತದೆ, ಇನ್ನೊಂದು ದಿಕ್ಕಿಗೆ ಹಟಮಾರಿ ಎತ್ತಿನಂತೆ ಎಳೆಯುತ್ತದೆ. ಒಂದು ತುಂಡನ್ನು ಇಡುತ್ತೇನೆ; ಅದು ಕೂಡುವುದಿಲ್ಲ. ಸರಿಸುತ್ತೇನೆ, ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಬರುವಷ್ಟರಲ್ಲಿ ಕೈ ತಾನಾಗಿಯೇ ಬೇರೊಂದು ತುಂಡಿನತ್ತ ಹೋಗುತ್ತದೆ. ಯಾಕೆ ಎಂದು ಕೇಳಿದರೆ ಕೈ ನಿಂತುಬಿಡುತ್ತದೆ. ಕೇಳದಿದ್ದರೆ ನಡೆಯುತ್ತದೆ. ಕೊನೆಗೆ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾಹಿಟ್ಟಿನ ಅಂಟು ಬಳಿದು, ತಂಬಿಗೆಯಿಂದ ಉಜ್ಜಿ, ಮೇಲೆ ಟ್ರಂಕು ಇಟ್ಟರೆ ಮುಗಿಯಿತು.

ಹೀಗೆ ಒಂದು ಚಿತ್ರವಾಯಿತು. ಬೆಲ್ಲ ಕಟ್ಟಿ ಬಂದ ಕಂದು ಕಾಗದದ ದೊಡ್ಡ ಹರವು. ಎಡಕ್ಕೆ ಹಸಿರು ಅಬರಿ. ನಡುವೆ ಗಾಳಿಪಟದ ಹಾಳೆಯ ಒಂದು ನೀಲಿ ದುಂಡು. ಅದರ ಮಗ್ಗುಲಲ್ಲಿ ಲಗ್ನಪತ್ರಿಕೆಯ ಕೆಂಪು ಚೂರು. ದುಂಡಿನಿಂದ ಅಂಚಿನವರೆಗೆ, ಹಸಿರಿಗೆ ತಾಗಿ, ಟೂರಿಂಗ್ ಟಾಕೀಸಿನ ಹಳದಿ ಕರಪತ್ರದಿಂದ ಹರಿದ ಒಂದು ಉದ್ದನೆಯ ಪಟ್ಟಿ. ಆ ಹಳದಿ ಪಟ್ಟಿಯ ಮೇಲೆ ನನಗೆ ಬಹಳ ಅಭಿಮಾನ. ಆದರೂ ಚಿತ್ರವನ್ನು ನೋಡಿದಾಗಲೆಲ್ಲ, ಚಪ್ಪಲಿಯೊಳಗೆ ಹರಳು ಸಿಕ್ಕಂತೆ ಏನೋ ಒತ್ತುತ್ತಿತ್ತು. ಒಂದು ಪ್ರದರ್ಶನಕ್ಕೆ ಒಯ್ದು ಕೊಟ್ಟೆ. ಚಿತ್ರದ ಹೆಸರೇನೆಂದು ಕೇಳಿದರು. ಹೆಸರಿಲ್ಲವೆಂದೆ. ಹೆಸರಿಲ್ಲದ್ದನ್ನು ಹಾಕಲು ಬರುವುದಿಲ್ಲವೆಂದು ಮರಳಿಸಿದರು. ಆ ಸಿಟ್ಟಿನಲ್ಲಿಯೇ ಅದನ್ನು ಟಿಕೋಟಿಗೆ, ನಮ್ಮ ಮನೆಗೆ, ಒಯ್ದುಬಿಟ್ಟೆ. ಪಡಸಾಲೆಯಲ್ಲಿ ಗೋಡೆಯ ಗಿಲಾವು ಉದುರಿ ಬಿದ್ದ ಜಾಗ ಮುಚ್ಚಲು ಸರಿಯಾಗುತ್ತದೆಂದು ಅವ್ವ ಅದನ್ನು ಅಲ್ಲಿ ತೂಗುಹಾಕಿದಳು. ನನ್ನ ಕಲೆಗೆ ಸಿಕ್ಕ ಮೊದಲ ಮನ್ನಣೆ ಅದು.

ಬಂದವರೆಲ್ಲ ಅಪ್ಪನನ್ನು ಕೇಳತೊಡಗಿದರು, "ಇದೇನ್ರಿ?" ಅಪ್ಪನಿಗೆ ಸಂಕಟ. ಮಗ ಬಿ.ಎ. ಮಾಡಿದವನು, ಅವನು ಮಾಡಿದ್ದನ್ನು "ಏನೂ ಅಲ್ಲ" ಎನ್ನುವುದು ಹೇಗೆ? ಒಂದು ದಿನ ಗಂಭೀರವಾಗಿ ಹೇಳಿಬಿಟ್ಟ: "ನಮ್ಮ ಹೊಲದ ನಕಾಶಿ ಐತಿ. ನಮ್ಮ ಹುಡುಗ ತಗದಾನ."

ಇಲ್ಲಿ ಹೊಲದ ವಿಷಯ ಹೇಳಬೇಕು. ಅದು ಟಿಕೋಟಿಯಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿದೆ. ಅಜ್ಜ ಸಾಯುವ ಮುಂಚೆ ಬಾಯಿಮಾತಿನಲ್ಲಿಯೇ ಅದನ್ನು ಎರಡು ಮಾಡಿದ್ದ: ಒಂದು ಪಾಲು ಅಪ್ಪನಿಗೆ, ಒಂದು ಪಾಲು ಹೆಂಡತಿಯ ತವರೂರಾದ ಬಬಲೇಶ್ವರದಲ್ಲಿ ನೆಲೆಸಿದ್ದ ಶಿವಪ್ಪ ಕಾಕಾನಿಗೆ; ಬಾವಿ ಇಬ್ಬರಿಗೂ. ಬಾವಿಗೆ ತಾಗಿ ಒಂದು ಸಪೂರ ಪಟ್ಟಿ ಉಳಿದಿತ್ತು. ಅದರಲ್ಲಿ ಕುಸುಬಿ ಬಿತ್ತುತ್ತಿದ್ದರು, ಬಂದ ಎಣ್ಣೆಯನ್ನು ಎರಡೂ ಮನೆಯವರು ಹಂಚಿಕೊಳ್ಳುತ್ತಿದ್ದರು. ಆ ಪಟ್ಟಿ ಯಾರದೆಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಅಣ್ಣತಮ್ಮಂದಿರ ಮಾತು ಮುರಿಯುತ್ತದೆಂಬ ಎಚ್ಚರ ಇಬ್ಬರಿಗೂ ಇತ್ತು.

ನಕಾಶೆಯ ಸುದ್ದಿ ಬಬಲೇಶ್ವರಕ್ಕೆ ನನಗೆ ತಿಳಿಯುವ ಮುಂಚೆಯೇ ಬಸ್ಸು ಹತ್ತಿ ಹೋಯಿತು. ಮುಂದಿನ ರವಿವಾರ ನಾನು ಊರಿಗೆ ಬಂದಾಗ ಕಾಕಾ ಚಿತ್ರದ ಮುಂದೆ ನಿಂತಿದ್ದ. ಜೊತೆಗೆ ಊರಿನ ಹಿರಿಯರಾದ ಗೌಡರನ್ನೂ ಕರೆತಂದಿದ್ದ.

"ಬಂದಿ ಏನ್ ಯಪ್ಪಾ ಬಿ.ಎ. ಸಾಹೇಬ! ಕುಸುಬಿ ಪಟ್ಟಿ ನಿಮ್ಮಪ್ಪನ ಕಡಿಗಿ ಯಾವಾಗ ಹೋತೋ?" ಎಂದ ಕಾಕಾ.

"ಕಾಕಾ, ಅದು ಹೊಲ ಅಲ್ಲರಿ. ಚಿತ್ರ."

"ಚಿತ್ರ ಅಂದ್ರ ದೇವರಿರಬೇಕು, ಇಲ್ಲಾ ಎತ್ತಾದ್ರೂ ಇರಬೇಕು. ಇದರಾಗ ಏನೈತಿ ಹೇಳು?"

"ಏನೂ ಇಲ್ಲರಿ."

"ಏನೂ ಇಲ್ಲದ್ದನ್ನ ರಟ್ಟಿಗಿ ಹಚ್ಚಿ ಗ್ವಾಡಿಗಿ ಬಡೀತಾರೇನಲೇ? ಈ ಕಂದು ನನ್ನ ಪಾಲಿನ ಎರಿ ಹೊಲ. ಇದು ಬಾವಿ. ಈ ಕೆಂಪಂದು ಪಂಪಿನ ಖೋಲಿ. ಹಳದೀದು ಕುಸುಬಿ, ಹೂ ಬಿಟ್ಟೈತಿ. ಅದನ್ನ ಹಸರಿಗಿ ಅಂಟಿಸೀದಿ. ಹಸರು ಯಾರ ಪಾಲು? ನಿಮ್ಮಪ್ಪಂದು! ನಾಳೆ ವಿಜಾಪುರಕ್ಕ ಹೋಗಿ ವಕೀಲನ್ನ ಹಿಡೀತೇನಿ."

ಅಪ್ಪ ಇಕ್ಕಟ್ಟಿಗೆ ಸಿಕ್ಕ. ಬಾಯಿ ಬಿಟ್ಟರೆ ತಾನು ಹೇಳಿದ್ದು ಸುಳ್ಳಾಗುತ್ತದೆ, ಬಿಡದಿದ್ದರೆ ತಮ್ಮ ಕೈತಪ್ಪಿ ಹೋಗುತ್ತಾನೆ. ಗೌಡರು ಮಾತ್ರ ಚಿತ್ರದ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದರು.

"ತಮ್ಮಾ, ಈ ಹಳದಿ ಇಲ್ಲೇ ಯಾಕ ಹಚ್ಚಿದಿ? ಅಲ್ಲ್ಯಾಕ ಹಚ್ಚಲಿಲ್ಲ?"

ನನ್ನ ಚಿತ್ರವನ್ನು ಕುರಿತು ಅಲ್ಲಿಯವರೆಗೆ ಯಾರೂ ಕೇಳದಿದ್ದ ಸರಿಯಾದ ಪ್ರಶ್ನೆ ಅದು. ಸರಿಯಾದ ಪ್ರಶ್ನೆ ತಪ್ಪು ಕಾರಣಕ್ಕಾಗಿ ಬಂದಿತಲ್ಲ ಎಂಬುದೇ ನನ್ನ ಸಿಟ್ಟಿನ ತಿರುಳು.

"ಇಲ್ಲೇ ಕೂಡತೇನಿ ಅಂತರಿ ಅದು," ಎಂದೆ.

"ಯಾರು?"

"ಕಾಗದರಿ."

ಪಡಸಾಲೆಯೇ ನಕ್ಕಿತು. ಕಾಕಾ ತೊಡೆ ತಟ್ಟಿದ. "ಕಾಗದ ಮಾತಾಡಿತಂತ್ರೀ ಗೌಡ್ರ! ಹೊಲದ ಲೆಕ್ಕಾ ಬರಿಯೋ ತಲಾಟೀನೂ ಹಿಂಗ ಅಂತಾನ. ನಾ ಏನೂ ಮಾಡಿಲ್ಲಪಾ, ಕಾಗದಾನ ಹಂಗ ಹೇಳತೈತಿ ಅಂತಾನ!"

ಆ ನಗೆಯಲ್ಲಿ ಅಪ್ಪನೂ ತಲೆ ತಗ್ಗಿಸಿದ್ದನ್ನು ಕಂಡೆ. ಇಷ್ಟು ಓದಿಸಿದ್ದು ಇದಕ್ಕಾಗಿಯೇ ಎಂಬ ಮಾತು ಆ ತಲೆಯ ಮೇಲೆ ಬರೆದಂತಿತ್ತು. ಚಿತ್ರವನ್ನು ಗೋಡೆಯಿಂದ ಕಿತ್ತುಕೊಂಡು, "ಕಾಗದ ಐತಿ ಇದು! ಬರೇ ಕಾಗದ! ನೋಡ್ರಿ!" ಎಂದು ಕೂಗುತ್ತ, ಹಳದಿ ಪಟ್ಟಿಯ ತುದಿಗೆ ಉಗುರು ಹಾಕಿ ಎಳೆದೆ. ಮೈಲುತುತ್ತದ ಅಂಟು ಸುಲಭಕ್ಕೆ ಬಿಡುವುದಲ್ಲ. ಪಟ್ಟಿಯ ಜೊತೆಗೆ ಕೆಳಗಿನ ಕಂದು ಕಾಗದದ ಸಿಪ್ಪೆಯೂ ಸುಲಿದು ಬಂತು. ನೀಲಿ ದುಂಡಿನಿಂದ ಅಂಚಿನವರೆಗೆ ಬೂದುಬಿಳಿಯ ಒರಟು ಗೀರೊಂದು ಬಿತ್ತು.

"ಅಯ್ಯ ಯಪ್ಪಾ, ಹೊಲಾ ಹರದಿಯಲ್ಲೋ!" ಎಂದು ಚೀರಿದಳು ಅವ್ವ. ಅವಳೂ!

ಕಾಕಾನ ಕೈ ಅರ್ಧ ಎದ್ದದ್ದು ಹಾಗೆಯೇ ನಿಂತಿತ್ತು, ಅಪ್ಪನದೂ. ಇಬ್ಬರೂ ಒಂದೇ ಜಾಗವನ್ನು ಹಿಡಿಯಲು ಹೋಗಿದ್ದರು.

ಗೌಡರು ಕೆಮ್ಮಿದರು. "ಈಗ ನೋಡ್ರಿ. ಹಸರಿನ ಕಡೀನೂ ಇಲ್ಲ, ಕಂದಿನ ಕಡೀನೂ ಇಲ್ಲ. ಇದು ದಾರಿ ಆತು. ಬಾವಿ ತನಕಾ ಹೊಕ್ಕೈತಿ. ಶಿವಪ್ಪಾ, ನಿನ್ನ ಬಂಡಿ ಇದರಾಗ ಹಾಯ್ತೈತಿಲ್ಲೋ?"

ಕಾಕಾ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಗೀರಿನ ಮೇಲೆ ಬೆರಳು ಓಡಿಸಿ, "ಹಾಯ್ತೈತ್ರಿ," ಎಂದ. ಆಮೇಲೆ ಅಪ್ಪನತ್ತ ನೋಡದೆಯೇ, "ಅಣ್ಣಾಂದೂ ಹಾಯ್ತೈತಿ," ಎಂದ.

ಎಲ್ಲರೂ ಚಹಾ ಕುಡಿದರು. ನಾನೊಬ್ಬನೇ ಮೂಲೆಯಲ್ಲಿ ಕುದಿಯುತ್ತಿದ್ದೆ. ಯಾಕೆಂದರೆ ಕಾಕಾನ ಮಡಿಲಲ್ಲಿದ್ದ ಚಿತ್ರ ಈಗ ಸರಿಯಾಗಿತ್ತು. ಚಪ್ಪಲಿಯೊಳಗಿನ ಹರಳು ಹೋಗಿತ್ತು. ನಾನು ಅಷ್ಟು ಅಭಿಮಾನದಿಂದ ಕೂಡಿಸಿದ್ದ ಹಳದಿಯೇ ಅದರ ದೋಷವಾಗಿತ್ತು. ಅದನ್ನು ಕಿತ್ತ ಕೈಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪಂಡಿತರು ಇದನ್ನು ಅಂತಃಸ್ಫೂರ್ತಿ ಎನ್ನುತ್ತಾರೆ. ಶಬ್ದ ಬಹಳ ಶುಭ್ರವಾಗಿದೆ. ನನ್ನ ಅನುಭವದಲ್ಲಿ ಅದಕ್ಕೆ ಬೆವರಿನ ವಾಸನೆಯಿದೆ, ಉಗುರಿನ ಸಂದಿಯಲ್ಲಿ ಅಂಟಿದೆ, ಅರ್ಧಕ್ಕರ್ಧ ಅದು ಸಿಟ್ಟೇ. ಆದರೆ ಆ ಪಡಸಾಲೆಯಲ್ಲಿ ಇದನ್ನು ಯಾರಿಗೆ ಹೇಳಲಿ? ಹೇಳಿದ್ದರೆ, ಕಾಗದದ ಸರದಿ ಮುಗಿದು ಈಗ ಕೈ ಮಾತಾಡುತ್ತಿದೆಯೆಂದು ಇನ್ನೊಮ್ಮೆ ನಗುತ್ತಿದ್ದರು.

ಗೌಡರ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಹಳದಿಯನ್ನು ಅಲ್ಲಿಯೇ ಯಾಕೆ ಹಚ್ಚಿದೆ? ಚಿತ್ರ ಮಾಡುವಾಗ ಹೊಲ ನನ್ನ ಮನಸ್ಸಿನಲ್ಲಿ ಸುಳಿಯಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಕೈಯಲ್ಲಿ ಸುಳಿಯಿತೇ ಎಂದು ಕೇಳಿದರೆ, ಚಿಕ್ಕಂದಿನಲ್ಲಿ ಆ ಕುಸುಬಿಯ ಮುಳ್ಳು ಚುಚ್ಚಿಸಿಕೊಂಡದ್ದು ಇದೇ ಕೈ; ಅದರ ಪರವಾಗಿ ನಾನು ಆಣೆ ಮಾಡಲಾರೆ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಕುಸುಬಿ ಪಟ್ಟಿಯಲ್ಲಿ ಬಿತ್ತುವುದನ್ನು ಬಿಟ್ಟರು. ಅದೀಗ ಬಂಡಿ ದಾರಿ. ಎಣ್ಣೆಯನ್ನು ಎರಡೂ ಮನೆಯವರು ಅಂಗಡಿಯಿಂದ ತರುತ್ತಾರೆ. ವಕೀಲರ ಮನೆಗೆ ಯಾರೂ ಹೋಗಲಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದ ಪೂಜೆಗೆ ಎರಡೂ ಮನೆಯವರು ಆ ದಾರಿಯಲ್ಲಿಯೇ ಬಂದು, ಬಾವಿಯ ಹತ್ತಿರ ಒಟ್ಟಿಗೆ ಬುತ್ತಿ ಬಿಚ್ಚುತ್ತಾರೆ. ನಮ್ಮ ಪಡಸಾಲೆಯಲ್ಲಿ ಗಿಲಾವು ಬಿದ್ದ ಜಾಗ ಮತ್ತೆ ಬಯಲಾಗಿದೆ, ಯಾಕೆಂದರೆ ಚಿತ್ರವನ್ನು ಕಾಕಾ ಆ ದಿನವೇ ಬಬಲೇಶ್ವರಕ್ಕೆ ಒಯ್ದ. ನೋಡಬೇಕೆನಿಸಿದರೆ ನಾನು ಅಲ್ಲಿಗೇ ಹೋಗಬೇಕು. ಅವನು ಅದಕ್ಕೆ ಕಟ್ಟು ಹಾಕಿಸಿದ್ದಾನೆ. ಬಂದವರು "ಇದೇನ್ರಿ?" ಎಂದರೆ "ನಮ್ಮ ಹೊಲ" ಎನ್ನುತ್ತಾನೆ.