ಖಾಲಿ ಸಾಲಿನ ಬೆನ್ನು ಹತ್ತಿದ ಅಕನಿಸಿ

ಫಿಜಿಯ ಸುವಾ ಬಂದರಿನೆದುರು ನಮ್ಮ ಕಚೇರಿ. ದ್ವೀಪದಿಂದ ದ್ವೀಪಕ್ಕೆ ಓಡಾಡುವ ಹಡಗುಗಳ ಟಿಕೆಟ್ ತಂತ್ರಾಂಶ ನೋಡಿಕೊಳ್ಳುವವರು ಇಬ್ಬರೇ, ನಾನು ಮತ್ತು ಕೋರೋ ದ್ವೀಪದ ಅಕನಿಸಿ. ಹಿಡಿದದ್ದನ್ನು ಬಿಡುವ ಹೆಂಗಸಲ್ಲ ಅವಳು. ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕೂತ ನಾನು ಇದನ್ನು ಹೊಗಳಿಕೆ ಎಂದು ಹೇಳುತ್ತಿಲ್ಲ.

ಆ ವರ್ಷ ಕಂದಾವು ದ್ವೀಪಕ್ಕೆ ಹೋಗುವ ಹಡಗಿನ ಪ್ರಯಾಣಿಕರ ಪಟ್ಟಿಯಿಂದ ಮುದುಕರ ಹೆಸರುಗಳು ಕಾಣೆಯಾಗತೊಡಗಿದವು. ಕೈಯಲ್ಲಿ ಟಿಕೆಟ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಹಡಗು ಮುಳುಗಿದರೆ ಅವರು ಹತ್ತಿದ್ದರು ಎನ್ನುವುದಕ್ಕೇ ಗುರುತಿಲ್ಲ. ಕೌಂಟರಿನ ತಾನಿಯೆಲಾ ಹೆಸರು ತುಂಬದೆ ಟಿಕೆಟ್ ಹರಿದುಕೊಡುತ್ತಾನೆಂದು ನಮ್ಮ ಯಜಮಾನ ವಿನೇಶ್ ಸೋಮವಾರ ಅವನನ್ನು ಮನೆಗೆ ಕಳಿಸಿದ. ಶುಕ್ರವಾರ ವಿಚಾರಣೆ, ಅಲ್ಲಿಗೆ ಅವನ ಕೆಲಸ ಮುಗಿದಂತೆ.

"ನಾನು ಎಲ್ಲಾ ಹೆಸರೂ ತುಂಬಿದ್ದೀನಿ ಅಕ್ಕಾ, ದೇವರಾಣೆ," ಎಂದು ಅಕನಿಸಿಗೆ ಹೇಳಿ ಅವನು ಹೊರಟ.

ದೋಷ ಬಂದಾಗಲೆಲ್ಲ ತಂತ್ರಾಂಶ ಒಂದು ಸಾಲು ಬರೆದಿಡಬೇಕು. ಬರೆದಿತ್ತು, ಆದರೆ ಪ್ರತಿ ಸಾಲಿನಲ್ಲೂ ಬರೀ ಎರಡು ಕಂಸದ ಗುರುತು, ನಡುವೆ ಏನೂ ಇಲ್ಲ. ಅಂಥವು ನೂರಾರು. ಅಕನಿಸಿ ಅವನ್ನೇ ಒಂದೊಂದಾಗಿ ನೋಡುತ್ತ ಕೂತಳು.

"ಖಾಲಿ ಕೊಡದಲ್ಲಿ ಏನೇ ಹುಡುಕ್ತೀಯ?" ಎಂದು ಛೇಡಿಸಿದೆ.

"ಕೊಡ ಖಾಲಿ ಇರಲಿಲ್ಲ ಕಣೋ, ತಳ ತೂತು. ದೋಷ ಹುಟ್ಟುವಾಗ್ಲೇ ತನ್ನ ಹೆಸರು, ಜಾಗ, ಕಾರಣ ಎಲ್ಲಾ ಹೊತ್ಕೊಂಡು ಬರುತ್ತೆ. ಅಕ್ಷರಕ್ಕಿಳಿಸೋವಾಗ ನಾವು ಚೆಲ್ತೀವಿ."

ಒಂದು ದೋಷ ಸರಿಯಾದ ರೂಪದಲ್ಲಿ ಬರುತ್ತಿತ್ತು, ಇನ್ನೊಂದು ಬರೀ ಒಂದು ಮಾತು, ಮತ್ತೊಂದು ಬರೀ ಒಂದು ಅಂಕಿ. ಕೆಲವುಗಳ ಹೊಟ್ಟೆಯಲ್ಲಿ ಇನ್ನೊಂದು ದೋಷ. ಯಾವ ವೇಷದಲ್ಲಿ ಬಂದರೂ ಎಲ್ಲವೂ ಒಂದೇ ಬಾಗಿಲಿಂದ ಹಾದು ನಾಲ್ಕು ಉತ್ತರ ಕೊಟ್ಟೇ ಹೋಗಬೇಕು, ಹೆಸರೇನು, ಏನಾಯಿತು, ಎಲ್ಲಿ, ಯಾವುದರಿಂದ ಎಂದು ಅಕನಿಸಿ ಹಟ ಹಿಡಿದಳು. ಆ ಬಾಗಿಲನ್ನು ತಂತ್ರಾಂಶದಲ್ಲಿ ಬರೆಯಲು ಕೂತವಳು ಮೂರು ದಿನ ಮೇಜು ಬಿಟ್ಟೇಳಲಿಲ್ಲ. ಬೇಯಿಸಿದ ಮರಗೆಣಸನ್ನು ಅಲ್ಲೇ ಕೂತು ತಿಂದಳು.

"ಆ ಹುಡುಗಾಟ ಸಾಕಮ್ಮಾ, ಬೇರೆ ಕೆಲಸ ಬಿದ್ದಿದೆ," ಎಂದ ವಿನೇಶ್.

"ಶುಕ್ರವಾರದ ತನಕ ನನ್ನ ಮಾತಾಡಿಸ್ಬೇಡಿ ಸಾರ್."

ಗುರುವಾರ ಮಧ್ಯಾಹ್ನ ಕಂದಾವು ಟಿಕೆಟ್ ಮಾರಾಟ ಶುರುವಾಯಿತು. ಮೊದಲ ತುಂಬಿದ ಸಾಲು ಬಿತ್ತು. ಹುಟ್ಟಿದ ದಿನಾಂಕ ಖಾಲಿ ಇದ್ದರೆ ಹೆಸರು ಪಟ್ಟಿಗೆ ಸೇರುತ್ತಿರಲಿಲ್ಲ. ದ್ವೀಪದ ಎಷ್ಟೋ ಮುದುಕರಿಗೆ ತಾವು ಹುಟ್ಟಿದ ದಿನ ಗೊತ್ತಿಲ್ಲ. ಎಲ್ಲಿ ಎಂಬುದಕ್ಕೆ ಉತ್ತರವಾಗಿ ಬಂದದ್ದು ಆ ವರ್ಷ ಅಕನಿಸಿಯೇ ಬರೆದಿದ್ದ ತಂತ್ರಾಂಶದ ಕಡತ.

"ಸುಮ್ನೆ ಸರಿ ಮಾಡ್ಬಿಡು. ಯಾರು ನೋಡಿದ್ದಾರೆ?" ಎಂದೆ. ಹಾಗೆಂದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ನನ್ನ ತಪ್ಪನ್ನ ಅವನು ಹೊತ್ಕೊಂಡು ಮನೇಲಿ ಕೂತಿದ್ದಾನೆ. ಇಳಿಸೋಳು ನಾನೇ."

ಶುಕ್ರವಾರ ವಿಚಾರಣೆಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಕಡತದ ಹೆಸರು ಬಂದಾಗ ನಿಂತು, "ಇದು ನಾನು ಬರೆದದ್ದು," ಎಂದಳು. ತಾನಿಯೆಲಾನ ಕೆಲಸ ಉಳಿಯಿತು.

ಅಕನಿಸಿಗೆ ಅಷ್ಟು ಸಾಲಲಿಲ್ಲ. ಸಂಜೆ, ಅಲ್ಲಿನವರು ಕ್ಷಮೆ ಕೇಳುವಾಗ ಮುಂದಿಡುವ ಯಂಗೋನಾ ಬೇರಿನ ಕಟ್ಟು ಹೊತ್ತು ತಾನಿಯೆಲಾನ ಮನೆಗೆ ಹೋದಳು. ಹಿಂದೆ ನಾನು. ಬೇರನ್ನು ಅವನ ಮುಂದಿಟ್ಟು, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ಕ್ಷಮೆ ಕೇಳಿದಳು. ಮುಟ್ಟಿದರೆ ಕ್ಷಮಿಸಿದಂತೆ; ಅವನು ಬೇರನ್ನು ಮುಟ್ಟುವತನಕ ಅವಳು ತಲೆ ಎತ್ತುವಂತಿಲ್ಲ.

ಅವನು ಬಹಳ ಹೊತ್ತು ಮುಟ್ಟಲಿಲ್ಲ.

"ಐದು ದಿನ ಅಕ್ಕಾ," ಎಂದ ಕೊನೆಗೆ. "ನನ್ನ ಹೆಂಡ್ತಿನೂ ನಂಬ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದು, ಅಕನಿಸಿಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ತಲೆ ತಗ್ಗಿಸಿದಳು.