ಗಂಟಕ್ಕನ ಎರಡು ಟಿಕೆಟ್

ಟಿಕೆಟ್ ಅಂಗಡಿಯಲ್ಲಿ, ಗುರುತು ಪರಿಚಯ ಇಲ್ಲದ ಜನರ ಎದುರಿಗೆ, ನನ್ನ ಅಕ್ಕ ನನ್ನನ್ನು ಎದ್ದು ಆಚೆ ಹೋಗು ಅಂದಳು. ಅರ್ಧ ತಲೆ ನೆರೆತ ಗಂಡಸಿಗೆ, ಹಟ ಹಿಡಿದ ಕೂಸಿಗೆ ಹೇಳುವ ಹಾಗೆ. ಅದಾಗಿ ಬಹಳ ಕಾಲವಾಯಿತು. ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ನಾನು ಹೇಳುತ್ತಿದ್ದದ್ದು ಸರಿಯಾಗಿತ್ತು, ಅದಕ್ಕೇ ಉರಿ ಜಾಸ್ತಿ.

ಅಕ್ಕ ಎಂಥವಳು ಎಂದು ಹೇಳದಿದ್ದರೆ ಈ ಜಗಳ ಯಾರಿಗೂ ಅರ್ಥವಾಗುವುದಿಲ್ಲ.

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಾಳೆ. ಅದು ನೆಲಮಾಳಿಗೆ. ಕಿಟಕಿಗಳು ತಲೆಗಿಂತ ಮೇಲಿವೆ, ಅವುಗಳಲ್ಲಿ ಕಾಣುವುದು ಬೀದಿಯಲ್ಲಿ ಹೋಗಿ ಬರುವವರ ಕಾಲು ಮಾತ್ರ. ಒಂದು ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು ಹೊಟ್ಟೆ ಕೆಟ್ಟವರ ಹಾಗೆ ಗುಡುಗುಡು ಎನ್ನುತ್ತಿರುತ್ತವೆ. ಇನ್ನೊಂದು ಗೋಡೆಯ ಕಡೆ ಉಗಿಯ ಇಸ್ತ್ರಿ ರೋಲರು. ಇತ್ತ ಒದ್ದೆ ಬೆಡ್‌ಶೀಟು ಒಳಗೆ ಹೋದರೆ ಅತ್ತ ಬಿಸಿಬಿಸಿಯಾಗಿ, ಕಾಗದದ ಹಾಗೆ ಹೊರಗೆ ಬರುತ್ತದೆ. ಅದನ್ನು ಎಳೆದು ಮಡಿಸಿ ಮಡಿಸಿ ಅಕ್ಕನ ಹತ್ತು ಬೆರಳಿನ ತುದಿಯೂ ನುಣ್ಣಗಾಗಿದೆ.

ಅವಳು ಆ ಕೆಲಸಕ್ಕೆ ಸೇರಿದ್ದು ಅಮ್ಮ ಹೋದ ಮೇಲೆ. ಅಮ್ಮ ಒಂದು ಸಣ್ಣ ಆಪರೇಷನ್ನಿಗೆಂದು ನಡೆದುಕೊಂಡೇ ಆಸ್ಪತ್ರೆಗೆ ಹೋದವಳು, ಕೊಟ್ಟ ಮಂಪರು ಮದ್ದಿನಿಂದ ಏಳಲೇ ಇಲ್ಲ. ಥಿಯೇಟರಿನ ಬಾಗಿಲವರೆಗೆ ಅವಳ ಕೈ ಹಿಡಿದುಕೊಂಡು ಹೋದವಳು ಅಕ್ಕ. ನನ್ನ ತಂಗಿ ಆಗ ಶಾಲೆಯಲ್ಲಿ ಲೆಕ್ಕ ಮಾಡುತ್ತಿದ್ದಳು. ಸಣ್ಣ ಆಪರೇಷನ್ ತಾನೇ ಎಂದು ಯಾರೂ ಅವಳನ್ನು ಕರೆಸಿರಲಿಲ್ಲ. ನನ್ನನ್ನೂ ತಂಗಿಯನ್ನೂ ಸಾಕಿದವಳು ಅಕ್ಕನೇ. ತಾನು ಮದುವೆಯಾಗಲಿಲ್ಲ. ಕೇಳಿದರೆ, "ಎರಡು ಮಕ್ಕಳ ತಾಯಿಯನ್ನ ಯಾರೋ ಮಾಡ್ಕೋತಾರೆ?" ಎಂದು ನಮ್ಮಿಬ್ಬರ ಮುಖ ನೋಡಿ ನಗುತ್ತಿದ್ದಳು.

ಒಮ್ಮೆ ಥಿಯೇಟರಿಗೆ ಹೋಗಬೇಕಾದ ಬಟ್ಟೆಯ ಗಂಟನ್ನು ಅಕ್ಕ ಲಿಫ್ಟಿನಲ್ಲಿಟ್ಟು ಗುಂಡಿ ಒತ್ತಿ ಕಳಿಸಿದಳು. ಎಲ್ಲರೂ ಹಾಗೇ ಮಾಡುತ್ತಿದ್ದರು. ಲಿಫ್ಟು ನಡುವೆ ಬೇರೆ ಮಹಡಿಯಲ್ಲಿ ನಿಂತಿತು, ಯಾರೋ ಗಂಟನ್ನು ಎಳೆದು ಮೂಲೆಗೆ ಹಾಕಿದರು. ಮೇಲೆ ರೋಗಿಯನ್ನು ಮಲಗಿಸಿಕೊಂಡು ಡಾಕ್ಟರುಗಳು ಬಟ್ಟೆಗೆ ಕಾಯುತ್ತ ನಿಂತರು. ಆವತ್ತು ಮೇಲ್ವಿಚಾರಕ ಅಕ್ಕನಿಗೆ ಬಾಯಿಗೆ ಬಂದ ಹಾಗೆ ಬೈದ. ಅಂದಿನಿಂದ ಅವಳು ಗಂಟಿನ ಜೊತೆಗೇ ಲಿಫ್ಟು ಹತ್ತುತ್ತಾಳೆ. ತೆಗೆದುಕೊಳ್ಳುವವರ ಕೈ ಗಂಟಿನ ಮೇಲೆ ಬೀಳುವ ತನಕ ತನ್ನ ಕೈ ತೆಗೆಯುವುದಿಲ್ಲ. ನರ್ಸು ಫೋನಿನಲ್ಲಿದ್ದರೆ, ಮಾತು ಮುಗಿಯುವವರೆಗೆ ಗಂಟು ಅಪ್ಪಿಕೊಂಡು ಕಂಬದ ಹಾಗೆ ನಿಂತಿರುತ್ತಾಳೆ. ಜೊತೆಯ ಹೆಂಗಸರು ಇಟ್ಟ ಹೆಸರು ಗಂಟಕ್ಕ. ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ.

ತಂಗಿ ಮದುವೆಯಾಗಿ ಸಾಗರದ ಆಚೆಯ ದೇಶಕ್ಕೆ ಹೋದಳು. ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು, ಒಳ್ಳೆಯವನು, ಮಾತು ಕಮ್ಮಿ. ಮಕ್ಕಳಿಲ್ಲ. ಒಂದು ದಿನ ಅವಳ ಫೋನು ಬಂತು. ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಬದಲಾಯಿಸಬೇಕು, ದಿನ ಗೊತ್ತಾಗಿದೆ.

"ಅಕ್ಕಾ, ನನಗೆ ಚಾಕು ಕತ್ತರಿ ಭಯ ಇಲ್ಲ," ಅಂದಳು. "ಆ ಮಂಪರು ಕೊಡ್ತಾರಲ್ಲ, ಅದಕ್ಕೇ ಭಯ. ಅಮ್ಮನ ಹಾಗೆ ಆಗ್ಬಿಟ್ರೆ? ಕಣ್ಣು ಮುಚ್ಚೋವಾಗ ನಿನ್ನ ಮುಖ ಕಾಣ್ಬೇಕು. ನೀನು ಬರ್ತೀಯ ಅಲ್ವಾ?"

"ಬರ್ತೀನಿ ಕಣೇ. ಬಾಗಿಲಲ್ಲಿ ನಿಂತಿರ್ತೀನಿ," ಅಂದಳು ಅಕ್ಕ. ಒಗೆಯುವ ಕಡೆ ಆಗಲೇ ಇಬ್ಬರು ರಜೆಯಲ್ಲಿದ್ದರು. ಅತ್ತು ಕರೆದು ಸಿಕ್ಕ ರಜೆಯಲ್ಲಿ ಹೊರಟರೆ ಆಪರೇಷನ್ನಿನ ಹಿಂದಿನ ರಾತ್ರಿ ತಲುಪುವುದು. ಅದಕ್ಕಿಂತ ಮುಂಚೆ ಆಗುವಂತಿರಲಿಲ್ಲ.

ಹಾಗೆ ನಾವು ಟಿಕೆಟ್ ಅಂಗಡಿಗೆ ಹೋದೆವು. ಕನ್ನಡಕದ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಗೋಡೆಯ ತುಂಬ ಬಣ್ಣ ಹೋದ ಸಮುದ್ರತೀರಗಳ ಚಿತ್ರ. ಟಿಕೆಟ್ ಕೊಡುವಾಕೆಗೆ ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ನೋಡಿ ಅಮ್ಮಾ, ಇಲ್ಲಿಂದ ನೇರ ವಿಮಾನ ಇಲ್ಲ. ಸಣ್ಣ ವಿಮಾನದಲ್ಲಿ ದಡದ ಮೇಲಿರೋ ದೊಡ್ಡ ನಿಲ್ದಾಣಕ್ಕೆ ಹೋಗ್ಬೇಕು, ಅಲ್ಲಿಂದ ದೊಡ್ಡದ್ರಲ್ಲಿ ಸಾಗರ ದಾಟ್ಬೇಕು. ಈ ಕಂಪನಿಯವ್ರದ್ದು ಎರಡೂ ಒಂದೇ ಟಿಕೆಟ್ಟಲ್ಲಿ ಬರುತ್ತೆ. ಕಾಲು ಚಾಚೋಕೆ ಜಾಗ ಇದೆ. ಈ ಇನ್ನೊಬ್ರದ್ದು ಸ್ವಲ್ಪ ಅಗ್ಗ, ಆದ್ರೆ ಎರಡು ಕಡೆ ಇಳಿದು ಹತ್ಬೇಕು."

"ಎರಡು ಕಡೆ ಬೇಡ. ಅವಳ ಮಂಡಿ ಕೇಳಲ್ಲ," ಅಂದೆ ನಾನು. "ಮೊದಲನೇದೇ ಕೊಡಿ."

"ಮಂಡಿ ನಂದು, ಮಾತು ನಿಂದಾ?" ಎಂದಳು ಅಕ್ಕ. ಆಮೇಲೆ ಆಕೆಯ ಕಡೆ ತಿರುಗಿ, "ಇಳಿದು ಹತ್ತೋವಾಗ ನನ್ನ ಪೆಟ್ಟಿಗೆ ಏನಾಗುತ್ತಮ್ಮಾ?"

"ಅದರ ಚಿಂತೆ ಬಿಡಿ. ಇಲ್ಲಿ ಕೊಟ್ರೆ ಆಚೆ ದಡದಲ್ಲೇ ನಿಮಗೆ ಸಿಗೋದು. ನಡುವೆ ತಾನೇ ಹೋಗುತ್ತೆ."

"ತಾನೇ ಹೋಗೋಕೆ ಅದಕ್ಕೇನು ಕಾಲಿದ್ಯಾ? ಯಾರು ಎತ್ತಿ ಹಾಕ್ತಾರೆ?"

"ಅವರ ಕೆಲಸದೋರು."

"ಅವರು ಯಾರ ಕೈಗೆ ಕೊಡ್ತಾರೆ?"

ಆಕೆ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಪೆಟ್ಟಿಗೆಯಲ್ಲಿ ಏನು ಹೋಗುತ್ತದೆಂದು ನನಗೆ ಗೊತ್ತಿತ್ತು. ತೆಳ್ಳಗಾಗಿ ವಾರ್ಡಿಗೆ ಬೇಡವಾದ ಬೆಡ್‌ಶೀಟುಗಳನ್ನು ಅಕ್ಕ ಮೇಲ್ವಿಚಾರಕನ ಹತ್ತಿರ ಕೇಳಿ ಪಡೆದು, ಕುದಿಸಿ, ಒಗೆದು ಇಟ್ಟಿದ್ದಳು. ಹೊಸ ಬಟ್ಟೆ ಹೊಲಿಗೆ ಹಾಕಿದ ಎದೆಗೆ ಒರಟಾಗುತ್ತದೆ, ಸಾವಿರ ಸಲ ಒಗೆದದ್ದೇ ಹಿತ ಎಂದು ಅವಳ ಲೆಕ್ಕ.

"ನಾನೇ ಇಳಿಸ್ಕೊಂಡು, ನಾನೇ ಮತ್ತೆ ಅವರ ಕೈಗೆ ಕೊಡೋ ಹಾಗೆ ಯಾವುದೂ ಇಲ್ವಾ?"

"ಇದೆ. ಎರಡು ಕಂಪನಿಯ ಎರಡು ಬೇರೆ ಬೇರೆ ಟಿಕೆಟ್ ತಗೋಬೇಕು. ಆದ್ರೆ ಬೇಡ ಅಮ್ಮಾ. ಮೊದಲನೇ ವಿಮಾನ ತಡ ಆದ್ರೆ ಎರಡನೇ ವಿಮಾನದೋರು ಕಾಯಲ್ಲ, ಬೇರೆ ಸೀಟೂ ಕೊಡಲ್ಲ. ಒಂದೇ ಟಿಕೆಟ್ ಆದ್ರೆ ಅವರೇ ಹೊಣೆ."

"ಕೇಳಿಸ್ತಾ?" ಎಂದು ನಾನು ಮೇಜು ಗುದ್ದಿದೆ. ಆಕೆಯ ಪೆನ್ನುಗಳು ಉರುಳಿದವು. "ನೀನು ಹೋಗ್ತಿರೋದು ತಂಗಿ ಮುಖ ನೋಡೋಕೋ, ಹಳೇ ಬೆಡ್‌ಶೀಟ್ ಕಾಯೋಕೋ?"

"ನಡುವೆ ಎಷ್ಟು ಹೊತ್ತು ಸಿಗುತ್ತಮ್ಮಾ?"

"ಮೂರು ಗಂಟೆ."

"ಮೂರು ಗಂಟೇಲಿ ನಾನು ಇಡೀ ಮಹಡಿಯ ಗಂಟು ಕಟ್ತೀನಿ. ಅದನ್ನೇ ಕೊಡಿ."

ನಾನು ಏನೇನು ಕೂಗಾಡಿದೆನೋ. ಅಕ್ಕನ ಮೇಲೆ, ಟಿಕೆಟ್ಟಿನಾಕೆಯ ಮೇಲೆ, ವಿಮಾನ ಕಂಡುಹಿಡಿದವನ ಮೇಲೂ. ಹಿಂದೆ ಕುಳಿತಿದ್ದವರು ಪಿಸಪಿಸ ಮಾಡತೊಡಗಿದರು. ಆಗ ಅಕ್ಕ ನಿಧಾನವಾಗಿ ತಿರುಗಿದಳು.

"ಊರಿನ ಬಸ್ಸಿಗೆಲ್ಲ ಬ್ರೇಕ್ ಹಾಕ್ತೀಯ, ನಿನ್ನ ಬಾಯಿಗೊಂದು ಹಾಕ್ಕೋ. ಎದ್ದು ಆಚೆ ಹೋಗು. ಹೋಗೋ ಅಂದೆ!"

ಹಿಂದಿನವರು ಗೊಳ್ಳೆಂದು ನಕ್ಕರು. ನಾನು ಹೋಗಿ ಮೆಟ್ಟಿಲ ಮೇಲೆ ನಿಂತೆ. ನನ್ನ ಕಸುಬು ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ. ಅದನ್ನು ಹೇಳಿ ಅಪಮಾನ ಮಾಡುವ ಅಗತ್ಯ ಇರಲಿಲ್ಲ.

ಹೊರಡುವ ದಿನ ನಮ್ಮೂರಲ್ಲಿ ಮಂಜು. ಸಣ್ಣ ವಿಮಾನ ಬಹಳ ಹೊತ್ತು ಏಳಲೇ ಇಲ್ಲ. ಅಕ್ಕನನ್ನು ಒಳಗೆ ಕಳಿಸಿ ನಾನು ಡಿಪೋಗೆ ಬಂದಿದ್ದೆ. ಮಧ್ಯಾಹ್ನ ರಿಪೇರಿ ಗುಂಡಿಗೆ ಇಳಿದು ಬಸ್ಸಿನ ಹೊಟ್ಟೆಯ ಕೆಳಗೆ ಕೆಲಸ ಮಾಡುತ್ತಿದ್ದಾಗ ಫೋನು ಬಡಿಯಿತು. ಗ್ರೀಸು ಹತ್ತಿದ ಕೈಯಲ್ಲೇ ಕಿವಿಗಿಟ್ಟೆ.

"ಬಂದಿಳಿದೆ ಕಣೋ," ಅಕ್ಕನ ಧ್ವನಿ ಸೋತು ಹೋಗಿತ್ತು. "ಪೆಟ್ಟಿಗೆ ಬರೋ ಬೆಲ್ಟಿನ ಹತ್ರ ನಿಂತಿದ್ದೀನಿ. ಎಲ್ಲಾರದೂ ಬಂತು. ನಂದು ಬಂದಿಲ್ಲ."

"ಆ ಎರಡನೇ ವಿಮಾನ?"

"ಇನ್ನೇನು ಕೌಂಟರ್ ಮುಚ್ತಾರಂತೆ. ಮೇಲಿನ ಮಹಡಿ."

"ಮತ್ತೆ ಅಲ್ಲೇನು ಮಾಡ್ತಿದ್ದೀಯ? ಬಿಟ್ಟು ಓಡು!"

"ಬೆಲ್ಟು ಇನ್ನೂ ತಿರುಗ್ತಾ ಇದೆ. ಬರುತ್ತೆ."

"ತಿರುಗ್ಲಿ! ಹಾಳಾಗಿ ಹೋಗ್ಲಿ! ಓಡೇ ಅಕ್ಕಾ!"

"ಯಾರ ಕೈಗೆ ಬಿಟ್ಟು ಹೋಗ್ಲೋ?"

"ಯಾರ ಕೈಗೂ ಬೇಡ! ಅಲ್ಲಿ ಅವಳು ಬಾಗಿಲು ನೋಡ್ತಾ ಇರ್ತಾಳೆ!"

"ಗೊತ್ತು," ಅಂದಳು. ಲೈನು ಹೋಯಿತು. ಮೇಲಿನಿಂದ ನಮ್ಮ ಫೋರ್ಮನ್ ಬಗ್ಗಿ, "ಏನಪ್ಪಾ, ಬಸ್ಸಿಗೇ ಬೈತಿದ್ದೀಯಾ?" ಎಂದ. ಅವನಿಗೂ ನಾಲ್ಕು ಬೈದೆ.

ಆಮೇಲೆ ನಡೆದದ್ದನ್ನು ಅಕ್ಕ ವಾಪಸ್ಸು ಬಂದ ಮೇಲೆ ಹೇಳಿದಳು. ನನ್ನ ಮಾತು ಕೇಳಿ ಅವಳು ಬಿಟ್ಟು ಹೊರಟಿದ್ದಳು. ಮೆಟ್ಟಿಲ ಹತ್ತಿರ ಹೋದಳು, ಕಂಬಿ ಹಿಡಿದಳು. ಆದರೆ ಒಂದು ಸಲ ತಿರುಗಿ ನೋಡಿದಳು. ಆಗಲೇ ರಬ್ಬರಿನ ಪರದೆ ಸರಿಸಿಕೊಂಡು ಅವಳ ಪೆಟ್ಟಿಗೆ ಹೊರಗೆ ಬಂತು. ಖಾಲಿ ಬೆಲ್ಟಿನ ಮೇಲೆ ಒಂದೇ ಒಂದು ಪೆಟ್ಟಿಗೆ. ಯಾರೂ ಇಲ್ಲ. ಹಾಳು ಮಂಡಿಯಲ್ಲಿ ಕುಂಟುತ್ತ ವಾಪಸ್ಸು ಹೋದಳು, ಎಳೆದುಕೊಂಡಳು, ಮತ್ತೆ ಮೆಟ್ಟಿಲಿಗೆ ಬಂದಳು. ಮೇಲೆ ಕೌಂಟರಿನ ದೀಪ ಆರಿತ್ತು. ಕಂಪ್ಯೂಟರಿಗೆ ಹೊದಿಕೆ ಹಾಕುತ್ತಿದ್ದ ಹುಡುಗಿ, "ನಿಮ್ಮ ಮೊದಲನೇ ವಿಮಾನ ನಮ್ಮದಲ್ಲ ಅಮ್ಮಾ," ಅಂದಳು. ಒರಟಾಗಿ ಹೇಳಲಿಲ್ಲವಂತೆ. ಅವಳಿಗೂ ಸುಸ್ತಾಗಿತ್ತಂತೆ.

ಹೊಸದಾಗಿ ಸೀಟು ಸಿಕ್ಕಿದ್ದು ಮರುದಿನ ಸಂಜೆಗೆ. ಅಲ್ಲಿಯವರೆಗೆ ಅಕ್ಕ ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಬೆಂಚಿನಲ್ಲಿ ಕುಳಿತಿದ್ದಳು. ಪಾದ ಊದಿ ಚಪ್ಪಲಿಗೆ ಹೋಗದಂತಾಗಿತ್ತು. ತಂಗಿಯ ಗಂಡ ಆಪರೇಷನ್ ಮುಂದೆ ಹಾಕಿ ಎಂದು ಕೇಳಿ ನೋಡಿದ. ಅಷ್ಟು ಜನ ಸಾಲಿನಲ್ಲಿರುವಾಗ ಯಾರು ಒಪ್ಪುತ್ತಾರೆ?

ಆಪರೇಷನ್ನಿನ ದಿನ ಬೆಳಗ್ಗೆ ನಡೆದದ್ದನ್ನು ಅವನು ನನಗೊಬ್ಬನಿಗೇ ಹೇಳಿದ್ದಾನೆ.

"ಗಾಲಿ ಮಂಚದ ಮೇಲೆ ಮಲಗಿಸಿದ್ರು ಭಾವ. 'ಅಕ್ಕ ಬಂದ್ಲಾ?' ಅಂತ ಕೇಳಿದ್ಲು. 'ದಾರೀಲಿದ್ದಾರೆ' ಅಂದೆ. ಸುಳ್ಳೂ ಅಲ್ಲ, ನಿಜಾನೂ ಅಲ್ಲ. 'ಬಾಗಿಲು ಸ್ವಲ್ಪ ಹೊತ್ತು ಹಾಕ್ಬೇಡಿ' ಅಂತ ನರ್ಸಿಗೆ ಹೇಳಿದ್ಲು. ಅವರು ಸ್ವಲ್ಪ ಹೊತ್ತು ಹಾಕ್ಲಿಲ್ಲ. ಆಮೇಲೆ ಹಾಕಿದ್ರು."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನನ್ನನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಆದರೆ ಈ ಒಂದು ಮಾತನ್ನು ನಾನು ಅಕ್ಕನಿಗೆ ಹೇಳಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ತಲುಪಿದಾಗ ತಂಗಿ ಮೈತುಂಬ ನಳಿಗೆಗಳ ನಡುವೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳನ್ನು ಮನೆಗೆ ಕರೆತಂದ ದಿನ ಅಕ್ಕ ಪೆಟ್ಟಿಗೆ ತೆಗೆದು ಬೆಡ್‌ಶೀಟು ಹಾಸಿದಳು. ತಂಗಿ ಅಂಗೈಯಿಂದ ಸವರಿ, "ಮೆತ್ತಗಿದೆ ಅಕ್ಕಾ," ಎಂದಳು. ಅಷ್ಟೇ. ಅಕ್ಕ ಅಡುಗೆ ಮಾಡಿ ಹಾಕಿದಳು, ತಲೆ ಬಾಚಿದಳು, ರಜೆ ಮುಗಿಯುವ ತನಕ ಅವಳ ಮಂಚದ ಪಕ್ಕದಲ್ಲೇ ನೆಲದ ಮೇಲೆ ಮಲಗಿದಳು. ತಂಗಿ ಆ ಬೆಳಗ್ಗೆಯ ಸುದ್ದಿಯನ್ನೇ ಎತ್ತಲಿಲ್ಲ. ತಡೆಯಲಾರದೆ ಅಕ್ಕನೇ ಒಂದು ದಿನ, "ನಾನು ಪೆಟ್ಟಿಗೆಗೋಸ್ಕರ ನಿಂತ್ಬಿಟ್ಟೆ ಕಣೇ," ಎಂದಳು.

"ವಿಮಾನ ಅಂದ್ರೆ ಹಾಗೇ ಅಲ್ವಾ ಅಕ್ಕಾ," ಎಂದ ತಂಗಿ, ಕುಡಿಯಲು ನೀರು ಕೇಳಿದಳು.

ಅಕ್ಕ ವಾಪಸ್ಸು ಬಂದ ದಿನ ನಾನು ಬೈಗುಳಗಳನ್ನೆಲ್ಲ ಬಾಯಲ್ಲಿ ತುಂಬಿಕೊಂಡೇ ನಿಲ್ದಾಣಕ್ಕೆ ಹೋಗಿದ್ದೆ. ಅವಳ ಮುಖ ನೋಡಿ ನುಂಗಿಕೊಂಡೆ. ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದೆ.

"ಏನಂದ್ಲು ಅವಳು?"

"ಏನೂ ಅನ್ಲಿಲ್ಲ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದೋ. ನಿನ್ನ ಹಾಗೆ ನಾಲ್ಕು ಬೈದಿದ್ರೆ ತೀರಿ ಹೋಗ್ತಿತ್ತು. ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಅವಳು ಅದನ್ನ ಕೇಳ್ತಾನೂ ಇಲ್ಲ, ಬಿಡ್ತಾನೂ ಇಲ್ಲ." ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.

ತಂಗಿ ಈಗ ಗಟ್ಟಿಯಾಗಿದ್ದಾಳೆ. ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಅಕ್ಕನ ಮಂಡಿ ಹೇಗಿದೆ, ಅಲ್ಲಿ ಚಳಿ ಎಷ್ಟು, ಬೇಕರಿಯಲ್ಲಿ ಹೊಸ ಒಲೆ ಬಂತು, ಇಂಥದ್ದೇ ಮಾತು. ಅಕ್ಕ ಹೂಂ ಹೂಂ ಅನ್ನುತ್ತ ಏನನ್ನೋ ಕಾಯುತ್ತಾಳೆ. ಅತ್ತ ಕಡೆ ಫೋನು ಇಟ್ಟ ಮೇಲೂ ಕಿವಿಯಿಂದ ತೆಗೆಯುವುದಿಲ್ಲ.

"ಇವತ್ತಾದ್ರೂ ಬೈದ್ಲಾ?" ಎಂದು ನಾನು ಕೇಳುತ್ತೇನೆ.

"ಇಲ್ಲ ಕಣೋ," ಅನ್ನುತ್ತಾಳೆ.